ಇದ್ರಲ್ಲಿ ಯಾವ ಸ್ಟೇಷನ್ ಬರುತ್ತೆ?

ನಿಮ್ಮ ಅಜ್ಜನ ಮನೇಲಿ ಒಂದು ರೇಡಿಯೋ ಇತ್ತಲ್ಲ, ಏನಾಯ್ತು ಅದು? ಅದೇ ಕಣ್ರೀ, ಗೋಡೆಗೆ ಹೊಡೆದ ಹಲಗೆ ಮೇಲೆ ಗಣಪತಿ ಥರ ಕೂತಿರ್ತಿತ್ತು. ಮರದ್ದು, ಮೂಲೆಯೆಲ್ಲ ದುಂಡಗೆ, ಮುಂದುಗಡೆ ಗೋಧಿ ಬಣ್ಣದ ಬಟ್ಟೆ, ಕೆಳಗೆ ಎರಡು ದಪ್ಪ ಗುಂಡಿ. ಎಲ್ಲಿ ಹೋಯ್ತು ಹೇಳಿ. (ಆ ಕಡೆ ಈ ಕಡೆ ನೋಡಬೇಡಿ, ನಿಮ್ಮನ್ನೇ ಕೇಳ್ತಿರೋದು.)

ಗುಜರಿಗೆ ಹಾಕಿದ್ರಿ, ಅಷ್ಟೇ ತಾನೆ? ಸುಣ್ಣಬಣ್ಣ ಮಾಡಿಸೋ ಹೊತ್ತಲ್ಲಿ, ಹಳೇ ಪೇಪರ್ ಕಟ್ಟಿನ ಜೊತೆ. ಗುಜರಿಯವನು "ಮರ ನಾವು ತಗಳಲ್ಲ ಸಾ" ಅಂದ್ರೂ ಬಿಡದೆ, ಒಳಗೆ ತಾಮ್ರ ಇದೆ ಅಂತ ಆಸೆ ತೋರಿಸಿ ಸಾಗಹಾಕಿದ್ರಿ. ಬಂದ ದುಡ್ಡಲ್ಲಿ ಎರಡು ಮಸಾಲೆದೋಸೆ ತಿಂದು "ಸದ್ಯ, ಮನೆ ನೀಟಾಯ್ತು" ಅಂದ್ರಿ. ನಾನೇನು ಸಾಚಾ ಅಲ್ಲ ಬಿಡಿ. ನಮ್ಮನೇದಕ್ಕೆ ಒಂದೇ ದೋಸೆ ಬಂದಿದ್ದು.

ಈಗ ಎರಡನೇ ಪ್ರಶ್ನೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ, ಎಲ್ಲರೂ ಮಲಗಿದ ಮೇಲೆ, ಮೊಬೈಲ್ ಬೆಳಕಲ್ಲಿ ಬಾಯಿ ಬಿಟ್ಕೊಂಡು ಏನು ನೋಡ್ತಿದ್ರಿ? ಯಾರೋ ಪುಣ್ಯಾತ್ಮ ತನ್ನ ಕಂಪ್ಯೂಟರಿಗೆ ಮರದ ಕೇಸ್ ಕಟ್ಟಿದಾನೆ. ದುಂಡು ಮೂಲೆ, ಹಿತ್ತಾಳೆ ಪಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಏರೋ ತಲೆ, ಸೂರ್ಯ ಹುಟ್ಟಿದ ಹಾಗೆ ಕಿರಣ ಕಿರಣವಾದ ಜಾಲರಿ. ಥೇಟ್ ಅಜ್ಜನ ರೇಡಿಯೋ! ಹೊಟ್ಟೇಲಿ ಏನೋ ಕಲಸಿದ ಹಾಗಾಯ್ತು ನಿಮಗೆ. ಕಾಲು ಗಂಟೇಲಿ ತೀರ್ಮಾನ ಆಗೋಯ್ತು: ನಾನೂ ಮಾಡ್ತೀನಿ.

ಮಾಡಿ, ಬೇಡ ಅಂದೋರ್ಯಾರು? ಆದ್ರೆ ನಮ್ನಮ್ಮಲ್ಲೇ ಒಂದು ಮಾತು. ಆ ಮೆಷಿನ್ನಲ್ಲಿ ನೀವು ಮಾಡೋ ಘನಕಾರ್ಯ ಏನು? ಎರಡು ಎಕ್ಸೆಲ್ ಶೀಟು, ಕರೆಂಟ್ ಬಿಲ್ಲು, ಮಗಳ ಪ್ರಾಜೆಕ್ಟಿಗೆ ಕಲರ್ ಪ್ರಿಂಟು, ಆಮೇಲೆ ಯೂಟ್ಯೂಬಲ್ಲಿ ಪಿ.ಬಿ. ಶ್ರೀನಿವಾಸ್. ಇಷ್ಟಕ್ಕೆ ಈಗಿರೋ ಕರೀ ಡಬ್ಬ ಧಾರಾಳ ಸಾಕು. (ಸಾಕು ಅಂತ ನಿಮಗೂ ಗೊತ್ತು. ಅದಕ್ಕೇ ಎಲ್ಲರೂ ಮಲಗಿದ ಮೇಲೆ ನೋಡೋದು.)

ಸರಿ, ಮೊದಲು ಹೆಸರು ಬಾಯಿಪಾಠ ಮಾಡ್ಕೊಳಿ, ನಾಲ್ಕು ಜನರ ಮುಂದೆ ಉದುರಿಸಬೇಕಲ್ಲ. ಆರ್ಟ್ ಡೆಕೋ. 1925ರಲ್ಲಿ ಪ್ಯಾರಿಸ್ಸಲ್ಲಿ ಅಲಂಕಾರ ಕಲೆಗಳ ಒಂದು ಭಾರೀ ಎಕ್ಸಿಬಿಷನ್ ನಡೀತು, ಅದರ ಮಾರುದ್ದ ಫ್ರೆಂಚ್ ಹೆಸರನ್ನ ಕತ್ತರಿಸಿ ಮಾಡಿದ ತುಂಡು ಇದು. ತಮಾಷೆ ಏನು ಗೊತ್ತಾ? ಈ ಹೆಸರು ಜನರ ಬಾಯಲ್ಲಿ ನಿಂತಿದ್ದು 1968ರಲ್ಲಿ, ಬೆವಿಸ್ ಹಿಲಿಯರ್ ಅನ್ನೋ ಇಂಗ್ಲಿಷಿನವರು ಅದರ ಮೇಲೆ ಪುಸ್ತಕ ಬರೆದ್ಮೇಲೆ. ನಲವತ್ತಮೂರು ವರ್ಷಕ್ಕೆ ನಾಮಕರಣ! ಮಾಡಿದೋರಲ್ಲಿ ಎಷ್ಟೋ ಜನ ತಾವು ಮಾಡಿದ್ದು ಏನು ಅಂತ ಗೊತ್ತಿಲ್ದೇನೇ ಹೋಗ್ಬಿಟ್ರು.

ಲಕ್ಷಣ ಏನಪ್ಪಾ ಅಂದ್ರೆ ಅಂಕುಡೊಂಕು ಗೆರೆ, ಮೆಟ್ಟಿಲು, ಸೂರ್ಯಕಿರಣ. 1922ರಲ್ಲಿ ಈಜಿಪ್ಟಲ್ಲಿ ಟುಟಾಂಖಾಮನ್ ಸಮಾಧಿ ಸಿಕ್ಕಿದ್ದೇ ತಡ, ಪಿರಮಿಡ್ಡು ಕಮಲ ಎಲ್ಲ ಇದರೊಳಗೆ ನುಗ್ಗಿಬಿಟ್ವು. 1930ರ ಸುಮಾರಿಗೆ ಇನ್ನೊಂದು ಹುಚ್ಚು ಹತ್ತಿತು: ರೈಲು, ಹಡಗು, ಕಾರು ಎಲ್ಲದಕ್ಕೂ ಗಾಳಿ ಸೀಳೋ ನುಣುಪು ಆಕಾರ, ಮೈಮೇಲೆ ಮೂರು ಗೆರೆ. 1933ರಲ್ಲಿ ರೇಮಂಡ್ ಲೋವಿ ಅನ್ನೋ ಡಿಸೈನರು ಪೆನ್ಸಿಲ್ ಶಾರ್ಪ್ನರಿಗೂ ಅದೇ ಆಕಾರ ಕೊಟ್ರು. ಮೇಜಿನ ಮೇಲೆ ಕೂರೋ ಶಾರ್ಪ್ನರು ಎಲ್ಲಿಗೆ ಹಾರಬೇಕಿತ್ತೋ ದೇವರಿಗೇ ಗೊತ್ತು.

ನಗಬೇಡಿ ನಗಬೇಡಿ. ಸ್ಕೂಟರಿಗೆ ರೇಸಿಂಗ್ ಸ್ಟಿಕರ್ ಅಂಟಿಸ್ಕೊಂಡು ಕೊತ್ತಂಬರಿ ಸೊಪ್ಪು ತರೋಕೆ ಹೋಗೋರು ಯಾರು?

ಇದನ್ನ ನೋಡೋಕೆ ಪ್ಯಾರಿಸ್ಸಿಗೇನೂ ಹೋಗಬೇಕಿಲ್ಲ. ಮುಂಬೈ ಟೂರ್ ಹೋಗಿದ್ರಲ್ಲ, ಮರೈನ್ ಡ್ರೈವಲ್ಲಿ ಫೋಟೋ ತೆಗೆಸ್ಕೊಂಡಿದ್ರಲ್ಲ? ನೀವು ಸಮುದ್ರ ನೋಡಿದ್ರಿ, ಬೆನ್ನ ಹಿಂದೆ ಸಾಲಾಗಿ ಆರ್ಟ್ ಡೆಕೋ ನಿಂತಿತ್ತು! ದುಂಡು ಬಾಲ್ಕನಿ, ಕಿಟಕಿ ಮೇಲೆ ಹುಬ್ಬಿನ ಹಾಗೆ ಉದ್ದಕ್ಕೆ ಸಜ್ಜಾ. ಅಲ್ಲೇ ಹತ್ತಿರ 1938ರ ಈರೋಸ್ ಥಿಯೇಟರು. 2018ರಲ್ಲಿ ಯುನೆಸ್ಕೋ ಈ ಗುಂಪಿಗೇ ವಿಶ್ವ ಪರಂಪರೆ ಪಟ್ಟ ಕಟ್ಟಿತು. ನೀವು ಮಾತ್ರ ಭೇಲ್‌ಪುರಿ ತಿನ್ಕೊಂಡು ವಾಪಸ್ ಬಂದ್ರಿ.

ಆದ್ರೆ ಈ ಸ್ಟೈಲು ನಿಮಗೆ ಹೇಳಿ ಮಾಡಿಸಿದ್ದು ಅಂತ ನನಗೆ ಅನ್ಸಿದ್ದು ನ್ಯೂಯಾರ್ಕಿನ ಕಥೆ ಓದಿದಾಗ. ಅಲ್ಲಿ ವಿಲಿಯಂ ವ್ಯಾನ್ ಅಲೆನ್ ಅಂತ ಒಬ್ಬ ಆರ್ಕಿಟೆಕ್ಟು, ಹೆರಾಲ್ಡ್ ಕ್ರೇಗ್ ಸೆವೆರೆನ್ಸ್ ಅಂತ ಇನ್ನೊಬ್ಬ. ಒಂದು ಕಾಲಕ್ಕೆ ಇಬ್ಬರೂ ಪಾರ್ಟ್ನರ್ಸು, ಆಮೇಲೆ ಬೇರೆ ಆದ್ರು. 1929ರಲ್ಲಿ ಇಬ್ಬರೂ ಒಂದೊಂದು ಬಿಲ್ಡಿಂಗು ಎಬ್ಬಿಸ್ತಾ ಇದಾರೆ. ಅವನು ಕ್ರೈಸ್ಲರ್ ಬಿಲ್ಡಿಂಗು, ಇವನು 40 ವಾಲ್ ಸ್ಟ್ರೀಟು. ಯಾರದ್ದು ಎತ್ತರ? ನಮ್ಮ ದಾಯಾದಿಗಳು ಕಾಂಪೌಂಡ್ ಗೋಡೆ ಮೇಲೆ ಒಂದೊಂದೇ ವರಸೆ ಇಟ್ಟಿಗೆ ಏರಿಸ್ತಾರಲ್ಲ, ಡಿಟ್ಟೋ ಅದೇ.

ವ್ಯಾನ್ ಅಲೆನ್ ಏನ್ ಮಾಡಿದ ಅಂತೀರಿ? 185 ಅಡಿ ಉದ್ದದ ಉಕ್ಕಿನ ಶಿಖರಾನ ತುಂಡು ತುಂಡಾಗಿ ತರಿಸಿ, ಬಿಲ್ಡಿಂಗಿನ ಹೊಟ್ಟೆಯೊಳಗೇ ಗುಟ್ಟಾಗಿ ಜೋಡಿಸಿದ. ಆ ಕಡೆಯವರು "ಗೆದ್ವಿ" ಅಂತ ಕೈ ಒರೆಸ್ಕೊಳೋ ಹೊತ್ತಿಗೆ, ಅಕ್ಟೋಬರಲ್ಲಿ ಒಂದಿನ, ಸುಮಾರು ಒಂದೂವರೆ ಗಂಟೇಲಿ ಒಳಗಿಂದ ಎತ್ತಿ ನಿಲ್ಲಿಸೇಬಿಟ್ಟ. 1,046 ಅಡಿ! (1931ರಲ್ಲಿ ಎಂಪೈರ್ ಸ್ಟೇಟ್ ಬಂದು ಇಬ್ಬರ ತಲೆ ಮೇಲೂ ನಿಂತಿತು, ಆ ಮಾತು ಬೇರೆ.)

ಹೊಟ್ಟೆಕಿಚ್ಚು, ಗುಟ್ಟು, ತುಂಡು ತುಂಡಾಗಿ ತರಿಸೋದು. ಎಲ್ಲೋ ಕೇಳಿದ ಹಾಗಿಲ್ವಾ? ಆಫೀಸ್ ಅಡ್ರೆಸ್ಸಿಗೆ ಪಾರ್ಸೆಲ್ ತರಿಸಿ, ಸಂಜೆ ಲಂಚ್ ಬ್ಯಾಗಲ್ಲಿ ಒಂದೊಂದೇ ಪಾರ್ಟ್ ಮನೆಯೊಳಗೆ ಸಾಗಿಸೋ ನಿಮ್ಮ ಕುಲದೇವರು ವ್ಯಾನ್ ಅಲೆನ್ನೇ ಕಣ್ರೀ. ಭಾವಮೈದನ ಮನೇಲಿ ಗಾಜಿನ ಕೇಸು, ಅದರೊಳಗೆ ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ ಕೆಂಪು ಹಸಿರು ನೀಲಿ ಲೈಟು ಮಿಣುಕ್ತಿರೋದು ನೋಡಿ ಬಂದ ದಿನಾನೇ ಅಲ್ವಾ ನಿಮಗೆ ಈ ಮರದ ಕೇಸಿನ ವಿಡಿಯೋ ಕಣ್ಣಿಗೆ ಬಿದ್ದಿದ್ದು?

ಇರಲಿ, ಕೆಲಸಕ್ಕೆ ಬರೋಣ. ಮಾದರಿ ಹುಡುಕೋಕೆ ಕೂತ್ರೆ ಮೊದಲು ಸಿಗೋದು ಇಂಗ್ಲೆಂಡಿನ ಎಕ್ಕೋ ಕಂಪನಿ ರೇಡಿಯೋ, ಎಡಿ-65. 1934ರದ್ದು, ವೆಲ್ಸ್ ಕೋಟ್ಸ್ ಮಾಡಿದ ಡಿಸೈನು. ಬೇಕಲೈಟಿನ ಮೈ, ಪೂರ್ತಿ ಚಕ್ರದ ಹಾಗೆ ದುಂಡಗೆ. ನೋಡಿದ ಕೂಡ್ಲೆ ಪ್ರೀತಿ ಹುಟ್ಟುತ್ತೆ. (ಅದರ ಮರುವರ್ಷಾನೇ, 1935ರಲ್ಲಿ, ಮೈಸೂರಲ್ಲಿ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದ್ದು. ಅಂಥ ಪೆಟ್ಟಿಗೆಗಳ ಕಾಲ ಅದು. ಅದರ ವಂಶದ ಪೆಟ್ಟಿಗೇನ ನೀವು ದೋಸೆಗೆ ಮಾರಿದ್ದು, ನೆನಪಿರಲಿ.)

ಪ್ರೀತಿ ಏನೋ ಹುಟ್ಟಿತು. ಆದ್ರೆ ಮದರ್‌ಬೋರ್ಡು ಚೌಕ ಕಣ್ರೀ. ನಿಮ್ಮ ಕರೀ ಡಬ್ಬದಲ್ಲಿರೋದು ಮೈಕ್ರೋ ಎಟಿಎಕ್ಸ್ ಆದ್ರೆ ಒಂದೊಂದು ಕಡೆ 244 ಮಿ.ಮೀ. ಮೂಲೆಯಿಂದ ಮೂಲೆಗೆ ಅಳೆದ್ರೆ 345. ಅದನ್ನ ಚಕ್ರದೊಳಗೆ ಕೂರಿಸಿದ್ರೆ ರೇಡಿಯೋ ಅಲ್ಲ, ಒನಕೆ ಸಮೇತ ಒರಳುಕಲ್ಲು ಆಗುತ್ತೆ. ಆಗ ನೀವೇನು ಮಾಡ್ತೀರಿ? ದುಂಡು ಬಿಡ್ತೀರಾ? ಇಲ್ಲ. ಬೋರ್ಡೇ ಬದಲಾಯಿಸ್ತೀರಿ.

ಮಿನಿ ಐಟಿಎಕ್ಸ್ ಅಂತ ಪುಟ್ಟ ಬೋರ್ಡು, 170 ಮಿ.ಮೀ. ಚೌಕ. ಅದಕ್ಕೆ ಅಂತ ಬೇರೆ ಸಣ್ಣ ಪವರ್ ಸಪ್ಲೈ, ಕುಳ್ಳ ಕೂಲರ್. ಎಸ್.ಪಿ. ರೋಡಿಗೆ ಮೂರು ಸಲ ಹೋಗಿ ಬಂದ್ರಿ. ಅಲ್ಲಿಗೆ, ಕಂಪ್ಯೂಟರಿಗೆ ಒಂದು ಪೆಟ್ಟಿಗೆ ಮಾಡೋಣ ಅಂತ ಹೊರಟೋರು ಪೆಟ್ಟಿಗೆಗೆ ಒಂದು ಕಂಪ್ಯೂಟರ್ ತಂದ್ರಿ. ಹಳೇದು ಕೆಟ್ಟಿತ್ತಾ? ಇಲ್ವಲ್ಲ. ಮನೇಲಿ ಏನಂತ ಹೇಳಿದ್ರಿ? "ಅದು ಹಳೇದಾಯ್ತು, ವಿಂಡೋಸ್ ಅಪ್‌ಡೇಟ್ ಆಗ್ತಿಲ್ಲ." ಅಬ್ಬಬ್ಬ!

ಒಂದು ಒಳ್ಳೇ ಬುದ್ಧಿ ಹೇಳ್ತೀನಿ, ಕೇಳಿ. ಮರ ಮುಟ್ಟೋ ಮುಂಚೆ ರಟ್ಟಲ್ಲಿ ಒಂದು ಮಾಡಿ ನೋಡಿ. ಪಾರ್ಸೆಲ್ ಬಂದ ಡಬ್ಬಗಳೇ ಮಂಚದ ಕೆಳಗೆ ತುಂಬಿದಾವಲ್ಲ. ಫ್ಯಾನು ಎಲ್ಲಿ, ವೈರು ಎಲ್ಲಿ ಬಗ್ಗುತ್ತೆ, ಕೈ ಒಳಗೆ ಹೋಗುತ್ತಾ, ಎಲ್ಲ ತಿಳಿಯುತ್ತೆ. ಅಪಾಯ ಒಂದೇ: ರಟ್ಟಿನ ಪೆಟ್ಟಿಗೆ ಮುಂದೆ ನಿಂತು ಫೋಟೋ ತೆಗೆದು ಸ್ಟೇಟಸ್ ಹಾಕಿದ ಕೂಡ್ಲೆ ಅರ್ಧ ತೃಪ್ತಿ ಆಗೋಗುತ್ತೆ. ನನಗೆ ಗೊತ್ತಿರೋ ಒಬ್ಬರದ್ದು ರಟ್ಟಲ್ಲೇ ನಿಂತು ಎಂಟು ತಿಂಗಳಾಯ್ತು. (ಒಬ್ಬರು ಅಂದ್ರೆ... ಬಿಡಿ, ಮುಂದೆ ಓದಿ.)

ಆಮೇಲೆ ಬಡಗಿ. ಮೊಬೈಲಲ್ಲಿ ಚಿತ್ರ ತೋರಿಸಿದ್ರಿ. ಮೆಟ್ಟಿಲು ಮೆಟ್ಟಿಲು ಗೋಪುರ, ಹಿತ್ತಾಳೆ ಪಟ್ಟಿ, ಹಿಂದೆ ಪ್ರಭಾವಳಿ ಥರ ಕಿರಣ. ಅವರು ಚಪ್ಪಲಿ ಬಿಟ್ಟು, ಮೊಬೈಲ್ ಎರಡೂ ಕೈಯಲ್ಲಿ ಹಿಡ್ಕೊಂಡು ಕೇಳಿದ್ರು: "ದೇವರ ಮಂಟಪನಾ ಸಾರ್? ವಿಗ್ರಹ ಎಷ್ಟು ಇಂಚು?" ಕಂಪ್ಯೂಟರಿಗೆ ಅಂದಾಗ ಅವರ ಮುಖ ನೋಡಬೇಕಿತ್ತು. ಪಾಪ, ಆದ್ರೂ ಹೋಗೋವಾಗ "ಗಂಟೆ ತೂಗಾಕೋಕೆ ಒಂದು ಕೊಕ್ಕೆ ಬೇಡ್ವಾ?" ಅಂತ ಕೇಳೇ ಹೋದ್ರು.

ದುಂಡು ಮೂಲೆಗೆ ಫ್ಲೆಕ್ಸಿ ಪ್ಲೈ ಅಂತ ಸಿಗುತ್ತೆ, ಚಾಪೆ ಥರ ಬಾಗುತ್ತೆ. ಇಲ್ದಿದ್ರೆ ಮಾಮೂಲಿ ಪ್ಲೈವುಡ್ಡಿನ ಒಳಮೈಗೆ ಮುಕ್ಕಾಲು ಆಳದ ತನಕ ಸಾಲು ಸಾಲಾಗಿ ಗರಗಸದ ಗೀರು ಹಾಕಿ ಮೆಲ್ಲಗೆ ಬಗ್ಗಿಸೋದು. ಮೇಲೆ ತೇಗದ ವೆನೀರ್ ಅಂಟಿಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ. ಇಲ್ಲೂ ತಪ್ಪು ಮಾಡೋರು ನೀವೇ. ಬಡಗಿ ಹನ್ನೆರಡು ಎಂಎಂ ಸಾಕು ಅಂತಾರೆ. ನೀವು, "ಸ್ಟ್ರಾಂಗ್ ಇರ್ಲಿ, ಹದಿನೆಂಟೇ ಹಾಕಿ." ಅಡುಗೆಮನೆ ಶೆಲ್ಫಿಗೆ ಹೇಳಿ ಹೇಳಿ ಅಭ್ಯಾಸ.

ಹದಿನೆಂಟು ಎಂಎಂ ಹಾಕಿದ್ರು. ಹಿಂದುಗಡೆ ಕೇಬಲ್ ಚುಚ್ಚೋ ಕಿಂಡಿ ಕೊರೆದ್ರು. ಎಚ್‌ಡಿಎಂಐ ಕೇಬಲ್ ತಂದು ಚುಚ್ಚಿದ್ರೆ ಒಳಗಿನ ಪೋರ್ಟಿಗೆ ಮುಟ್ಟೋದೇ ಇಲ್ಲ! ಬಾವಿಗೆ ಬಿಟ್ಟ ಹಗ್ಗ ಕುಳ್ಳಗಾದ ಹಾಗೆ. ಯಾಕಂದ್ರೆ ಬೋರ್ಡು ಮಾಡೋರು ಹಿಂದುಗಡೆ ಇರೋದು ತೆಳ್ಳನೆ ತಗಡು ಅಂತ ನಂಬ್ಕೊಂಡು ಮಾಡಿರ್ತಾರೆ. ಅಲ್ಲಿ ಮರ ತೆಗೆದು ಒಂದು ಎಂಎಂ ಅಲ್ಯೂಮಿನಿಯಂ ತಗಡೇ ಹಾಕಬೇಕು.

ಆ ಕಿಂಡಿ ಅಳತೆ 158.75 ಮಿ.ಮೀ. ಉದ್ದ, 44.45 ಅಗಲ. ನೀವು ದಶಾಂಶ ಸಮೇತ ಪೇಪರಲ್ಲಿ ಬರೆದು, ಎರಡು ಸಲ ಅಂಡರ್‌ಲೈನ್ ಮಾಡಿ, "ಬಹಳ ಸೂಕ್ಷ್ಮ, ಹುಷಾರು" ಅಂತ ಕೊಟ್ರಿ. ಬಡಗಿ ಟೇಪ್ ಎಳೆದು ನೋಡಿ, "ಆರೂಕಾಲು, ಒಂದೂಮುಕ್ಕಾಲು ಇಂಚು ಅನ್ನಿ ಸಾರ್" ಅಂದ್ರು. ನೋಡಿದ್ರೆ ಕೂದಲೆಳೆ ವ್ಯತ್ಯಾಸ ಇಲ್ಲ, ಅದು ಮೂಲದಲ್ಲೇ ಇಂಚಿನ ಲೆಕ್ಕ. ಇಂಜಿನಿಯರಿಂಗ್ ಓದಿದೋರು ಯಾರು ಇಲ್ಲಿ?

ಇನ್ನೊಂದು ಗುಟ್ಟು. ಕರೀ ಡಬ್ಬದ ತಗಡು ಬರೀ ತಗಡಲ್ಲ. ಒಳಗೆ ಹುಟ್ಟೋ ರೇಡಿಯೋ ಗಲಾಟೆ ಆಚೆ ಹೋಗದ ಹಾಗೆ ತಡೆಯೋದು, ಅರ್ತಿಂಗಿಗೆ ದಾರಿ ಕೊಡೋದು, ಎರಡೂ ಅದರ ಕೆಲಸ. ಮರ ಅದ್ಯಾವುದೂ ಮಾಡಲ್ಲ. ಹಾಗಾಗಿ ಬೋರ್ಡು, ಪವರ್ ಸಪ್ಲೈ ಎರಡನ್ನೂ ಒಂದು ಲೋಹದ ತಟ್ಟೆ ಮೇಲೆ ಸ್ಕ್ರೂ ಹಾಕಿ ಕೂರಿಸಿ, ಮರದ ಒಳಮೈಗೂ ತೆಳು ತಗಡು ಹೊದಿಸಿ, ಎಲ್ಲ ಒಂದಕ್ಕೊಂದು ತಾಗಿರೋ ಹಾಗೆ ನೋಡ್ಕೊಳಿ. ಇಲ್ದಿದ್ರೆ ರೇಡಿಯೋ ವೇಷ ಹಾಕಿದ ನಿಮ್ಮ ಕಂಪ್ಯೂಟರ್ ಪಕ್ಕ ನಿಜವಾದ ರೇಡಿಯೋ ತಂದಿಟ್ರೆ, ಅದು "ಗುಂಯ್ಯ್" ಅಂತ ಅಳುತ್ತೆ. ವೇಷಧಾರಿ ಮುಂದೆ ಅಸಲಿ ಹಾಡೋಕಾಗ್ದೆ!

ಗಾಳಿ ವಿಷಯಕ್ಕೆ ಬನ್ನಿ, ಇಲ್ಲಿ ಸ್ವಲ್ಪ ಕೂತು ಮಾತಾಡ್ಬೇಕು. ನ್ಯೂಯಾರ್ಕಿನ ಗೋಪುರಗಳಿಗೆ ಆ ಮೆಟ್ಟಿಲು ಆಕಾರ ಬಂದಿದ್ದು ಬರೀ ಚಂದಕ್ಕೆ ಅಂದ್ಕೊಂಡ್ರಾ? 1916ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಬಿಲ್ಡಿಂಗು ಎತ್ತರ ಹೋಗ್ತಾ ಹೋಗ್ತಾ ರಸ್ತೆಯಿಂದ ಹಿಂದೆ ಸರೀಬೇಕು, ಕೆಳಗಿರೋರಿಗೆ ಗಾಳಿ ಬೆಳಕು ಬಿಡಬೇಕು ಅಂತ. ಸರೀತಾ ಹೋದ್ರು, ಮೆಟ್ಟಿಲಾಯ್ತು. ನಮ್ಮ ಗಲ್ಲಿಗಳಲ್ಲಿ ಉಲ್ಟಾ: ಮೇಲೆ ಹೋಗ್ತಾ ಹೋಗ್ತಾ ಎರಡಡಿ ರಸ್ತೆ ಕಡೆಗೇ ಬರ್ತೀವಿ. (ನಿಮ್ಮ ಬಾಲ್ಕನಿ ಬಗ್ಗೆ ನಾನೇನೂ ಹೇಳಲಿಲ್ಲ.)

ಅದೇ ಉಪಾಯ ನಿಮ್ಮ ಪೆಟ್ಟಿಗೆಗೂ ಬರುತ್ತೆ. ಒಂದೊಂದು ಮೆಟ್ಟಿಲಿನ ಕೆಳಗೂ ಎಂಟು-ಹತ್ತು ಮಿ.ಮೀ. ಸಂದು ಬಿಡಿ. ಮೇಲಿನ ಮೆಟ್ಟಿಲಿನ ನೆರಳಲ್ಲಿ ಸಂದು ಕಾಣಲ್ಲ, ಬಿಸಿಗಾಳಿ ಮಾತ್ರ ಸದ್ದಿಲ್ಲದೆ ಹೋಗುತ್ತೆ. ತಂಪು ಗಾಳಿ ಕೆಳಗಿಂದ ಒಳಗೆ, ಬಿಸಿ ಮೇಲಿಂದ ಆಚೆ, ದಾರಿಯಲ್ಲಿ 120 ಮಿ.ಮೀ. ಫ್ಯಾನು ಎರಡು. ಮುಂದುಗಡೆ ಅಜ್ಜನ ರೇಡಿಯೋ ಥರ ಬಟ್ಟೆ ಹಾಕೋ ಆಸೆ ಇದ್ರೆ ತೆಳುವಾದ್ದು ಹಾಕಿ, ಬಿಚ್ಚಿ ಒಗೆಯೋ ಹಾಗಿರ್ಲಿ. ದಪ್ಪ ಬಟ್ಟೆ ಧೂಳು ಕುಡಿದು ಮೂಗು ಕಟ್ಟಿದ್ರೆ, ಪ್ರೊಸೆಸರ್ ನೂರು ಡಿಗ್ರಿ ಹತ್ತಿರಕ್ಕೆ ಏರಿ, ತಾನೇ ವೇಗ ಇಳಿಸ್ಕೊಂಡು ಕುಂಟುತ್ತೆ. ಆಮೇಲೆ ನೀವು ಇಂಟರ್ನೆಟ್ಟಿನವನಿಗೆ ಫೋನ್ ಮಾಡಿ ಬೈತೀರಿ.

ಹಳೇ ರೇಡಿಯೋದವರಿಗೂ ಈ ಕಷ್ಟ ಇತ್ತು ಅನ್ನಿ. ಒಳಗಿನ ವಾಲ್ವ್‌ಗಳು ಸುಡೋವು, ಅದಕ್ಕೇ ಹಿಂದುಗಡೆ ತೂತು ತೂತಿನ ಹಲಗೆ. ಆ ತೂತಲ್ಲಿ ಕಣ್ಣಿಟ್ಟು, ಹಾಡೋರು ಒಳಗೆಲ್ಲಿ ಕೂತಿದಾರೆ ಅಂತ ಹುಡುಕಿದ್ರಲ್ಲ ನೀವು? ಕಂಡಿದ್ದು ಒಂದು ಹಲ್ಲಿ.

ಸ್ವಿಚ್ಚಿನ ಬಗ್ಗೆ ಹೆದರಬೇಡಿ. ಬೋರ್ಡಿನ ಎರಡು ಪಿನ್ನು ಒಂದು ಕ್ಷಣ ತಾಗಿಸಿದ್ರೆ ಸಾಕು, ಕಂಪ್ಯೂಟರ್ ಏಳುತ್ತೆ. ಅಂದ್ರೆ ಕಾಲಿಂಗ್ ಬೆಲ್ ಒತ್ತೋ ಥರದ ಯಾವ ಸ್ವಿಚ್ಚಾದ್ರೂ ನಡೆಯುತ್ತೆ. ಅದರ ಮೇಲೆ ದಪ್ಪ ಬೇಕಲೈಟ್ ಗುಂಡಿ ಕೂರಿಸಿದ್ರೆ ವಾಲ್ಯೂಮೇ ಸರಿ. ಇನ್ನು ಹಳೇ ರೇಡಿಯೋಗಳಲ್ಲಿ ಸ್ಟೇಷನ್ ಸರಿಯಾಗಿ ಸಿಕ್ಕಾಗ ಮುಚ್ಚಿಕೊಳ್ತಿದ್ದ ಹಸಿರು 'ಮ್ಯಾಜಿಕ್ ಐ' ನೆನಪಿದೆಯಾ? ಅದರ ಜಾಗಕ್ಕೆ ಡಿಸ್ಕ್ ಓಡೋವಾಗ ಮಿಣುಕೋ ಒಂದು ಹಸಿರು ಎಲ್ಇಡಿ. ಬೇರೆ ಲೈಟು? ಜೇನುಬಣ್ಣದ್ದು ಒಂದು, ಅಷ್ಟೇ. ಭಾವಮೈದನ್ನ ಮರೀರಿ.

ಕೊನೇದು ಪಾಲಿಶ್. ಅರಗಿನ ಫ್ರೆಂಚ್ ಪಾಲಿಶ್ ಹೊಡೆದ್ರೆ ಆ ಕಾಲದ್ದೇ ಹೊಳಪು. ಸ್ಪಿರಿಟ್ಟಲ್ಲಿ ಕರಗಿಸಿ, ಹತ್ತಿ ಬಟ್ಟೆ ಉಂಡೆ ಮಾಡಿ, ತೆಳು ತೆಳುವಾಗಿ ಕೋಟಿನ ಮೇಲೆ ಕೋಟು. ಹದಿನೈದು ದಿನ ಮನೆಯೆಲ್ಲ ವಾಸನೆ, ಮನೆಯವರು ಮಾತು ಬಿಟ್ರು. ಕನ್ನಡಿ ಹಾಗೆ ಹೊಳೀತಿರೋ ದಿನ ದೊಡ್ಡಪ್ಪ ಬಂದ್ರು. ಬಂದೋರೇ ಬಿಸಿ ಕಾಫಿ ಲೋಟ ಎಲ್ಲಿಟ್ರು ಹೇಳಿ? ಬೆಳ್ಳಗೆ ಒಂದು ಚಕ್ರ ಬಿತ್ತು. ಅರಗಿಗೆ ಬಿಸಿ ಆಗಿಬರಲ್ಲ.

ನೀವು ಬಾಯಿ ತೆಗೆಯೋ ಮುಂಚೆ ದೊಡ್ಡಪ್ಪನ ಕಣ್ಣು ಗುಂಡಿ ಮೇಲೆ ಬಿತ್ತು. "ಓಹೋ, ನಮ್ಮಪ್ಪನ ಹತ್ರ ಇತ್ತು ಇಂಥದ್ದು! ಇದ್ರಲ್ಲಿ ಯಾವ ಸ್ಟೇಷನ್ ಬರುತ್ತೆ?" ಅಂತ ತಿರುವಿದ್ರು. ತಿರುಗಲಿಲ್ಲ. ಒತ್ತಿ ಹಿಡಿದ್ರು. ನಾಲ್ಕು ಸೆಕೆಂಡು ಒತ್ತಿ ಹಿಡಿದ್ರೆ ಕಂಪ್ಯೂಟರ್ ಏನಾಗುತ್ತೆ ಅಂತ ನಿಮಗೆ ಗೊತ್ತು. ಸೇವ್ ಮಾಡದ ಎಕ್ಸೆಲ್ ಶೀಟಿಗೂ ಗೊತ್ತು. "ಕೆಟ್ಟೋಗಿದೆ ಕಣೋ, ಗುಜರಿಗೆ ಹಾಕು" ಅಂದ್ರು ದೊಡ್ಡಪ್ಪ.

ಆಯುಧಪೂಜೆ ದಿನ ಮೂರೂ ಮೆಟ್ಟಿಲಿಗೆ ಅರಿಶಿನ ಕುಂಕುಮ, ತುದಿಗೆ ಸೇವಂತಿಗೆ ಬಿತ್ತು. ಬಡಗಿ ಸುಳ್ಳು ಹೇಳಿರ್ಲಿಲ್ಲ, ಮಂಟಪವೇ! ಒಂದು ಎಸಳು ಸಂದಲ್ಲಿ ಇಳಿದು ಫ್ಯಾನಿಗೆ ಸಿಕ್ಕಿ ಮೂರು ದಿನ "ಟರ್ರ್" ಅಂತ ಹಾಡ್ತು. ಕೊನೆಗೂ ಒಂದು ಸ್ಟೇಷನ್ ಸಿಕ್ತಲ್ಲ.

ಈಗ ಬೆಳಗಾದ್ರೆ ಅಮ್ಮ ಅದರ ತಲೆ ಮೇಲೆ ಕ್ರೋಶಾ ಹಾಕಿದ ಬಿಳೀ ಬಟ್ಟೆ ಹೊದಿಸಿ, ಮೇಲೊಂದು ಪ್ಲಾಸ್ಟಿಕ್ ಹೂವಿನ ವಾಸು ಇಡ್ತಾರೆ. ಅದು ಅಜ್ಜನ ರೇಡಿಯೋ ಮೇಲಿದ್ದ ಬಟ್ಟೆಯೇ ಕಣ್ರೀ. ರೇಡಿಯೋ ಕೊಟ್ರೂ ಬಟ್ಟೆ ಕೊಟ್ಟಿರ್ಲಿಲ್ಲ ಅವರು, ಇಷ್ಟು ವರ್ಷ ಟ್ರಂಕಲ್ಲಿ ಮಡಚಿಟ್ಟಿದ್ರು. ನೀವು ಓಡಿ ಬಂದು, "ಅಮ್ಮಾ, ಮೇಲೆ ಮುಚ್ಚಬೇಡ, ಗಾಳಿ ಆಡಬೇಕು ಅದಕ್ಕೆ" ಅಂತೀರಿ. ಅವರು ವಾಸ್ ನೆಟ್ಟಗೆ ಮಾಡ್ತಾ, ತಿರುಗಿ ಕೂಡ ನೋಡದೆ ಅಂತಾರೆ: "ತೂತಿರೋ ಬಟ್ಟೇನೇ ಅಲ್ವೇನೋ ಅದು."